‘ನಿಷ್ಠೆ’ ಮತ್ತು ‘ಹಟ’: ರಾಯಚೂರು ದೋಆಬಿನ ಇತಿಹಾಸದಲ್ಲಿ ಎರಡು ಬಗೆಯ ವಿಶೇಷಣಗಳು

೧

ಇತಿಹಾಸದ ಆಕರಗಳನ್ನು ಪರಿಶೀಲಿಸುವಾಗ ನಾವು ಸಾಮಾನ್ಯವಾಗಿ ನಾಮಪದಗಳ ಕಡೆಗೂ ಕ್ರಿಯಾಪದಗಳ ಕಡೆಗೂ ಗಮನವಿಡುತ್ತೇವೆ. ಯಾರು, ಎಲ್ಲಿ, ಯಾವಾಗ, ಏನು ಮಾಡಿದರು ಎಂಬುದನ್ನು ಶೋಧಿಸಿ, ಒಂದು ದಾಖಲೆಯನ್ನು ಇನ್ನೊಂದರೊಡನೆ ತಾಳೆ ನೋಡುತ್ತೇವೆ. ವಿಶೇಷಣಗಳನ್ನು ಮಾತ್ರ ಪರೀಕ್ಷೆಯಿಲ್ಲದೆ ದಾಟಗೊಡುತ್ತೇವೆ. ‘ನಿಷ್ಠಾವಂತನಾದ ಅರಸು’, ‘ಹಟಮಾರಿಯಾದ ಪಾಳೆಯಗಾರ’, ‘ಸಂಪ್ರದಾಯಕ್ಕೆ ಜೋತುಬಿದ್ದ ಪ್ರಜೆ’ ಮುಂತಾದ ಮಾತುಗಳು ಕಂಪನಿಯ ಅಧಿಕಾರಿಗಳ ಪತ್ರಗಳಿಂದ ಗೆಝೆಟಿಯರುಗಳಿಗೆ, ಗೆಝೆಟಿಯರುಗಳಿಂದ ಪಠ್ಯಪುಸ್ತಕಗಳಿಗೆ, ಅಲ್ಲಿಂದ ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಿಗೆ ಯಾವ ಸುಂಕವನ್ನೂ ತೆರದೆ ಸಾಗಿ ಬಂದಿವೆ. ಈ ವಿಶೇಷಣಗಳ ಹುಟ್ಟನ್ನೂ ಬಳಕೆಯನ್ನೂ ಪರಿಶೀಲಿಸಿ, ರಾಯಚೂರು ದೋಆಬಿನ ಇತಿಹಾಸದಲ್ಲಿ ಅವು ಮಾಡಿದ ಕೆಲಸವನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಚರ್ಚೆಗೆ ಸಿಂಧನೂರು ತಾಲೂಕಿನ ಮುಕ್ಕುಂದ ಗ್ರಾಮವನ್ನು ನಮ್ಮ ನೆಲೆಯಾಗಿ ಇಟ್ಟುಕೊಳ್ಳುತ್ತೇವೆ. ಅಲ್ಲಿ ದೊಡ್ಡ ಕದನವೊಂದು ನಡೆಯಿತೆಂಬುದು ಇದಕ್ಕೆ ಕಾರಣವಲ್ಲ. ಆ ಊರು ತುಂಗಭದ್ರೆಯ ದಂಡೆಯಲ್ಲಿದೆ. ಹೊಳೆಯ ಆಚೆಗೆ ಬಳ್ಳಾರಿಯ ಸೀಮೆ. ೧೮೦೦ರ ಅಕ್ಟೋಬರ್ ೧೨ರ ಒಪ್ಪಂದದಂತೆ ಹೈದರಾಬಾದಿನ ನಿಜಾಮನು ಹೊಳೆಯ ದಕ್ಷಿಣದ ಬಳ್ಳಾರಿ, ಕಡಪ ಮೊದಲಾದ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ ಆಚೆ ದಂಡೆ ಕಂಪನಿಯದಾಯಿತು, ಈಚೆ ದಂಡೆ ನಿಜಾಮನದಾಗಿ ಉಳಿಯಿತು. ಒಂದೇ ಭಾಷೆಯನ್ನಾಡುವ, ಒಂದೇ ಜೋಳವನ್ನುಣ್ಣುವ ಜನರ ನಡುವೆ ಹರಿಯುವ ನೀರು ಎರಡು ನಿಷ್ಠೆಗಳ ಗಡಿಯಾಯಿತು. ಇಂಥ ಗಡಿಯಲ್ಲಿ ನಿಂತು ನೋಡಿದಾಗಲೇ ‘ನಿಷ್ಠೆ’ ಎಂಬ ಮಾತಿನ ತೂಕ ಸರಿಯಾಗಿ ತಿಳಿಯುತ್ತದೆ.

೨

ಮೊದಲು ಆಂಗ್ಲ ಭಾಷೆಯ ಪದಗಳನ್ನು ನೋಡೋಣ. ಹಳೆಯದನ್ನು ಬಿಡದಿರುವವನನ್ನು ನಿಂದಿಸುವುದಕ್ಕೂ, ಒಡೆಯನನ್ನು ಬಿಡದಿರುವವನನ್ನು ಹೊಗಳುವುದಕ್ಕೂ ಆ ಭಾಷೆಯಲ್ಲಿ ಶಬ್ದಗಳ ಸಮೃದ್ಧಿಯಿದೆ. ಆಶ್ಚರ್ಯದ ಸಂಗತಿಯೆಂದರೆ ಇವು ಎರಡು ಬೇರೆ ಬೇರೆ ಕಣಜಗಳಿಂದ ಬಂದವುಗಳಲ್ಲ.

‘ಸ್ಟೆಡ್‌ಫಾಸ್ಟ್’ ಎಂದರೆ ಸ್ಥಿರಚಿತ್ತನು, ನಂಬಿಗಸ್ತನು. ಇದರ ಮೊದಲ ಭಾಗಕ್ಕೆ ‘ಸ್ಥಾನ’ ಎಂದೂ ಎರಡನೆಯದಕ್ಕೆ ‘ಬಿಗಿಯಾದ’ ಎಂದೂ ಅರ್ಥ. ‘ಅಬ್‌ಸ್ಟಿನೇಟ್’ ಎಂದರೆ ಹಟಮಾರಿ. ಇದು ಲ್ಯಾಟಿನ್ ಮೂಲದ್ದು. ‘ಎದುರಾಗಿ ನಿಲ್ಲುವವನು’ ಎಂಬುದು ಅದರ ಒಳಗಿನ ಭಾವ. ಮೆಚ್ಚಿಗೆಯ ಮಾತಿನಲ್ಲಿಯೂ ನಿಂದೆಯ ಮಾತಿನಲ್ಲಿಯೂ ಇರುವುದು ನಿಲ್ಲುವುದೆಂಬ ಅರ್ಥದ ಒಂದೇ ಪ್ರಾಚೀನ ಧಾತು. ಸಂಸ್ಕೃತದ ‘ಸ್ಥಾ’ ಧಾತುವೂ ಅದರ ಸೋದರನೇ. ನಮ್ಮ ‘ನಿಷ್ಠೆ’ ಅದರಿಂದಲೇ ಹುಟ್ಟಿತು. ಹೀಗೆ ಮೂರು ಮಾತುಗಳೂ ನಿಂತವನನ್ನು ಕುರಿತೇ ಹೇಳುತ್ತವೆ. ನಮ್ಮ ಕಡೆಗೆ ನಿಂತರೆ ಸ್ಥಿರನು, ನಮಗೆ ಎದುರು ನಿಂತರೆ ಹಟಮಾರಿ, ಇಷ್ಟೇ ಭೇದ.

‘ಸ್ಟಾಂಚ್’ ಎಂಬ ವಿಶೇಷಣ ಹಳೆಯ ಫ್ರೆಂಚಿನಿಂದ ಬಂದದ್ದು. ನೀರು ಒಸರದ ಹಡಗಿಗೆ ಸಲ್ಲುತ್ತಿದ್ದ ಆ ಮಾತು ಕಾಲಾಂತರದಲ್ಲಿ ಅಚಲನಾದ ಅನುಯಾಯಿಗೆ ಸಂದಿತು. ‘ಲಾಯಲ್’ ಎಂಬುದರ ಮೂಲ ಲ್ಯಾಟಿನ್ನಿನ ‘ಲೆಗಾಲಿಸ್’. ಅಂದರೆ ಕಾನೂನಿಗೆ ಒಳಪಟ್ಟದ್ದು. ಯಾರ ಕಾನೂನು ಎಂಬ ಪ್ರಶ್ನೆ ಆ ಪದದ ಹೊಟ್ಟೆಯಲ್ಲಿಯೇ ಅಡಗಿದೆ ಎಂಬುದನ್ನು ವಾಚಕರು ಗಮನಿಸಬೇಕು. ‘ಟ್ರೂ ಬ್ಲೂ’ ಎಂಬುದು ಕವೆಂಟ್ರಿ ನಗರದ ನೀಲಿ ಬಣ್ಣದೊಡನೆ ಸಂಬಂಧವುಳ್ಳ ಮಾತು. ಆ ಬಣ್ಣ ಒಗೆತಕ್ಕೆ ಬಿಡುತ್ತಿರಲಿಲ್ಲವೆಂದು ಪ್ರತೀತಿ. ನೂಲುವುದಕ್ಕೆ ಮುಂಚೆಯೇ ಬಣ್ಣವೇರಿಸಿದ ಉಣ್ಣೆಯಿಂದ ‘ಡೈಡ್ ಇನ್ ದಿ ವುಲ್’ ಎಂಬ ನುಡಿಗಟ್ಟು ಬಂದಿತು. ನಮ್ಮವರೂ ಬಿಡದ ಬಣ್ಣಕ್ಕೆ ‘ಪಕ್ಕಾ’ ಎಂದು, ಅದೇ ಮಾತನ್ನು ಮನುಷ್ಯನಿಗೂ ಹಚ್ಚುವುದುಂಟು. ‘ಹೈಡ್‌ಬೌಂಡ್’ ಎಂಬುದು ದನಗಳ ಕಾಯಿಲೆಯ ಹೆಸರು. ಮೇವಿಲ್ಲದೆ ಬಡಕಲಾದ ದನದ ತೊಗಲು ಎಲುಬಿಗೆ ಅಂಟಿಕೊಳ್ಳುವಂತೆ ಹಳೆಯ ರೂಢಿಗೆ ಅಂಟಿಕೊಂಡವನು ಎಂದು ಅದರ ಅರ್ಥ ಬೆಳೆಯಿತು. ಬರಗಾಲವನ್ನು ಕಂಡ ನಮ್ಮ ಸೀಮೆಯ ಒಕ್ಕಲಿಗನಿಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೆರಡು ಪದಗಳ ಚರಿತ್ರೆ ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಉಪಯುಕ್ತವಾದದ್ದು. ‘ಟೋರಿ’ ಎಂಬುದು ಮೊದಲು ಐರ್ಲೆಂಡಿನಲ್ಲಿ ಭೂಮಿಯನ್ನು ಕಳೆದುಕೊಂಡು ಕಾಡು ಸೇರಿ ಸುಲಿಗೆಗಿಳಿದವರ ಹೆಸರಾಗಿತ್ತು. ೧೬೭೯ರಿಂದ ೧೬೮೧ರವರೆಗೆ ಇಂಗ್ಲೆಂಡಿನ ಪಟ್ಟದ ಹಕ್ಕಿನ ಬಗ್ಗೆ ನಡೆದ ವಿವಾದದಲ್ಲಿ ಯಾರ್ಕಿನ ಡ್ಯೂಕನಾದ ಜೇಮ್ಸನ ಪಕ್ಷದವರನ್ನು ಹೀಗಳೆಯಲು ವಿರೋಧಿಗಳು ಈ ಮಾತನ್ನು ಎಸೆದರು. ಆ ಪಕ್ಷದವರು ಅದನ್ನೇ ಎತ್ತಿಕೊಂಡು ಬಿರುದಾಗಿ ಧರಿಸಿದರು. ಕಳ್ಳನ ಹೆಸರು ರಾಜಭಕ್ತನ ಹೆಸರಾಯಿತು. ಮುಂದೆ ಸಂಪ್ರದಾಯವಾದಿಯ ಹೆಸರೂ ಆಯಿತು.

‘ಡೈಹಾರ್ಡ್’ ಎಂಬುದು ಇದಕ್ಕೆ ತಿರುಗಿದ ದಾರಿಯಲ್ಲಿ ನಡೆಯಿತು. ೧೮೧೧ರ ಮೇ ೧೬ರಂದು ಸ್ಪೇನಿನ ಆಲ್ಬುಯೆರಾ ಕದನದಲ್ಲಿ ಗಾಯಗೊಂಡು ಬಿದ್ದ ಕರ್ನಲ್ ಇಂಗ್ಲಿಸನು ತನ್ನ ೫೭ನೆಯ ದಳದವರಿಗೆ ಸುಲಭವಾಗಿ ಸಾಯಬೇಡಿರೆಂದು ಕೂಗಿ ಹೇಳಿದನೆಂದು ಪ್ರಸಿದ್ಧಿ. ಆ ದಳದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ಜನ ಸತ್ತರು ಇಲ್ಲವೆ ಗಾಯಗೊಂಡರು. ‘ಡೈಹಾರ್ಡರು’ ಎಂಬುದು ಉಳಿದವರ ಹೆಮ್ಮೆಯ ಹೆಸರಾಯಿತು. ನೂರು ವರ್ಷಗಳ ತರುವಾಯ, ೧೯೧೧ರಲ್ಲಿ, ಬ್ರಿಟನ್ನಿನ ಪ್ರಭುಸಭೆಯ ಅಧಿಕಾರವನ್ನು ಮೊಟಕುಗೊಳಿಸುವ ಮಸೂದೆಯನ್ನು ಕೊನೆಯವರೆಗೂ ವಿರೋಧಿಸಿದ ಲಾರ್ಡ್ ಹಾಲ್ಸ್‌ಬರಿ ಮೊದಲಾದವರಿಗೆ ಅದೇ ಹೆಸರು ಅಂಟಿತು. ಆ ಆಗಸ್ಟ್ ೧೦ರಂದು ೧೩೧ಕ್ಕೆ ೧೧೪ ಮತಗಳಿಂದ ಅವರು ಸೋತರು. ರಣರಂಗದಲ್ಲಿ ಶೌರ್ಯವೆನಿಸಿದ ಗುಣ ಶಾಸನಸಭೆಯಲ್ಲಿ ಜಡತೆಯೆನಿಸಿತು.

೩

ಕನ್ನಡದಲ್ಲಿ ಈ ಭಾವಕ್ಷೇತ್ರದ ಹಂಚಿಕೆ ಬೇರೊಂದು ರೀತಿಯದು. ‘ಛಲ’ವೆಂಬ ಪದವನ್ನೇ ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ಅದಕ್ಕೆ ಮೋಸ, ವಂಚನೆ ಎಂಬ ಅರ್ಥ. ಕನ್ನಡಕ್ಕೆ ಬಂದು ಅದು ಹಿಡಿದದ್ದನ್ನು ಬಿಡದ ಗುಣವಾಯಿತು. ರನ್ನನ ಗದಾಯುದ್ಧದ ದುರ್ಯೋಧನನಿಗೆ ‘ಛಲದಂಕಮಲ್ಲ’ನೆಂಬ ಹೆಸರಿದೆ. ಸೋಲುವವನೂ ಅಪರಾಧಿಯೂ ಆದ ಅರಸನಿಗೆ ಕವಿಯೊಬ್ಬನು ಇಂಥ ಬಿರುದನ್ನು ಸಲ್ಲಿಸಿದ್ದು ಸಣ್ಣ ಸಂಗತಿಯಲ್ಲ. ತಪ್ಪು ಪಕ್ಷದಲ್ಲಿ ನಿಂತವನ ನಿಲುವಿಗೂ ಒಂದು ಘನತೆಯುಂಟೆಂದು ಒಪ್ಪಲು ಕನ್ನಡದ ಬಳಿ ಪದವಿತ್ತು.

‘ಜೋಳವಾಳಿ’ ಅಥವಾ ‘ಜೋಳದ ಪಾಳಿ’ ಎಂಬುದು ಇನ್ನೂ ಹತ್ತಿರದ ಮಾತು. ಒಡೆಯನ ಜೋಳವನ್ನುಂಡವನು ಅವನಿಗಾಗಿ ಹೋರಾಡಬೇಕಾದ ಹೊಣೆ ಎಂಬ ಅರ್ಥದಲ್ಲಿ ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಅದು ಬರುತ್ತದೆ. ಒಡೆಯನೊಡನೆ ಸಾಯುವ ಪ್ರತಿಜ್ಞೆಗೆ ‘ವೇಳೆವಾಳಿ’ ಎಂಬ ಹೆಸರಿತ್ತು. ಇದರ ಪರಾಕಾಷ್ಠೆಯನ್ನು ಹಳೇಬೀಡಿನ ಗರುಡಗಂಬ ಸಾರುತ್ತದೆ: ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಆಪ್ತನಾದ ಕುವರ ಲಕ್ಷ್ಮನು ತನ್ನವರೊಡನೆ ಪ್ರಾಣಾರ್ಪಣೆ ಮಾಡಿದ ವಿಷಯ ಅಲ್ಲಿ ಕೆತ್ತಲ್ಪಟ್ಟಿದೆ. ಪಾರಸಿಯ ಸಂಪರ್ಕದಿಂದ ಜೋಳದ ಸ್ಥಾನಕ್ಕೆ ಉಪ್ಪು ಬಂದು, ‘ನಮಕ್‌ಹಲಾಲ’, ‘ನಮಕ್‌ಹರಾಮ’ ಎಂಬ ಜೋಡಿ ಹುಟ್ಟಿತು. ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಇಂದಿಗೂ ನಮ್ಮ ಜನರ ನೀತಿ. ಇಲ್ಲಿ ನಿಷ್ಠೆಗೆ ಆಧಾರವಾದದ್ದು ಲೆಗಾಲಿಸ್ ಅಲ್ಲ, ಋಣ. ಜೋಳ ಕೊಟ್ಟವನಿಗೆ ಜೀವ ಕೊಡಬಹುದು. ಜೋಳ ಕೊಡದೆ ಕಾಗದದ ಮೇಲೆ ಒಡೆಯನಾದವನಿಗೆ ಏನು ಕೊಡಬೇಕೆಂಬುದನ್ನು ಈ ನೀತಿ ಹೇಳುವುದಿಲ್ಲ.

ನಿಂದೆಗೂ ಕನ್ನಡದಲ್ಲಿ ಬಡತನವಿಲ್ಲ. ‘ಹಟ’, ‘ಮೊಂಡು’, ‘ಪಟ್ಟು’, ‘ಜಿಗುಟು’ ಮುಂತಾದವು ಇದ್ದೇ ಇವೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂಬ ಗಾದೆ ಹಟಮಾರಿಯ ಇಡೀ ತರ್ಕಶಾಸ್ತ್ರವನ್ನು ನಾಲ್ಕೈದು ಮಾತುಗಳಲ್ಲಿ ಹೇಳಿಬಿಡುತ್ತದೆ. ‘ಮಡಿವಂತ’, ‘ಕರ್ಮಠ’ ಎಂಬ ಪದಗಳು ಮೊದಲು ಆಚಾರಶೀಲನ ಪ್ರಶಂಸೆಯಾಗಿದ್ದು, ಆಧುನಿಕ ಕಾಲದಲ್ಲಿ ವ್ಯಂಗ್ಯದ ಬಣ್ಣ ಪಡೆದಿವೆ. ‘ಕಟ್ಟಾ’ ಎಂಬ ವಿಶೇಷಣವಂತೂ ‘ಕಟ್ಟಾ ಅನುಯಾಯಿ’ಗೂ ‘ಕಟ್ಟಾ ಸಂಪ್ರದಾಯವಾದಿ’ಗೂ ಸಮನಾಗಿ ಸೇವೆ ಸಲ್ಲಿಸುತ್ತದೆ.

ಬಿರುದು ಬೈಗುಳವಾಗುವುದಕ್ಕೆ ಅತಿ ಪ್ರಾಚೀನವಾದ ನಿದರ್ಶನವೊಂದು ಮುಕ್ಕುಂದದ ಸೀಮೆಯಲ್ಲಿಯೇ ಇದೆ. ೧೯೧೫ರಲ್ಲಿ ಮಸ್ಕಿಯಲ್ಲಿ ಬೀಡನ್ ಎಂಬ ಗಣಿತಜ್ಞನಿಗೆ, ಅಂದರೆ ಗಣಿಯ ಇಂಜಿನಿಯರನಿಗೆ, ದೊರೆತ ಶಿಲಾಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರು ಕಾಣಿಸಿತು. ಶಾಸನಗಳ ಆ ದೇವಾನಾಂಪ್ರಿಯನು ಅಶೋಕನೇ ಎಂಬುದು ಇದರಿಂದ ದೃಢಪಟ್ಟಿತು. ಚಕ್ರವರ್ತಿಯ ಗೌರವದ ಆ ಪದಕ್ಕೆ ಮುಂದಿನ ಕಾಲದ ಸಂಸ್ಕೃತ ವೈಯಾಕರಣರು ಹೇಳಿದ ಅರ್ಥ ‘ಮೂರ್ಖ’ ಎಂದು. ಕಲ್ಲಿನ ಮೇಲೆ ಕೊರೆದ ಅಕ್ಷರ ಬದಲಾಗಲಿಲ್ಲ. ಓದುವವರ ಪಕ್ಷ ಬದಲಾಯಿತು.

೪

ಈ ಪೀಠಿಕೆಯೊಡನೆ ದೋಆಬಿನ ಇತಿಹಾಸಕ್ಕೆ ಬರೋಣ. ೧೮೦೦ರಲ್ಲಿ ಹೊಳೆಯ ಆಚೆಗಿನ ಸೀಮೆಗೆ ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋನು ೧೮೦೭ರವರೆಗೆ ಅಲ್ಲಿದ್ದನು. ಸುಮಾರು ೮೦ ಪಾಳೆಯಗಾರರ ಬಲವನ್ನು ಮುರಿದು ಕಂದಾಯವನ್ನು ನೇರವಾಗಿ ರೈತನಿಂದ ಪಡೆಯುವ ವ್ಯವಸ್ಥೆಗೆ ಅವನು ಅಡಿಗಲ್ಲು ಹಾಕಿದನು. ಆ ಕಾಲದ ಕಂಪನಿಯ ಕಾಗದಗಳಲ್ಲಿ ಪಾಳೆಯಗಾರರಿಗೆ ಮತ್ತೆ ಮತ್ತೆ ಅಂಟುವ ವಿಶೇಷಣ ‘ರಿಫ್ರ್ಯಾಕ್ಟರಿ’. ಬೆಂಕಿಗೆ ಕರಗದ ಅದಿರಿಗೂ ಇಟ್ಟಿಗೆಗೂ ಆಂಗ್ಲರು ಹೇಳುವ ಮಾತೂ ಅದೇ. ಕುಲುಮೆಯನ್ನು ಹೊತ್ತಿಸಿದವನ ದೃಷ್ಟಿಯಿಂದ ಮಾತ್ರ ಕರಗದಿರುವುದು ದೋಷವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅರ್ಧ ಶತಮಾನದ ತರುವಾಯ ಈಚೆ ದಂಡೆಯ ಸರದಿ ಬಂದಿತು. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ವೆಚ್ಚದ ಬಾಕಿಯನ್ನು ಮುಂದಿಟ್ಟುಕೊಂಡು ಗವರ್ನರ್ ಜನರಲ್ ಡಾಲ್‌ಹೌಸಿಯು ೧೮೫೩ರ ಮೇ ತಿಂಗಳಲ್ಲಿ ನಿಜಾಮ ನಾಸಿರುದ್ದೌಲನಿಂದ ಬೇರಾರ, ಧಾರಾಶಿವ ಮತ್ತು ರಾಯಚೂರು ದೋಆಬನ್ನು ಬರೆಸಿಕೊಂಡನು. ಮುಕ್ಕುಂದ ಮತ್ತು ಅದರಂಥ ಊರುಗಳು ಕಂಪನಿಯ ಆಡಳಿತಕ್ಕೆ ಬಂದವು. ೧೮೫೮ರಲ್ಲಿ ಕಂಪನಿಯ ಅಧಿಕಾರ ಇಂಗ್ಲೆಂಡಿನ ರಾಣಿಯ ಕೈಗೆ ಹೋಯಿತು. ೧೮೬೦ರ ಡಿಸೆಂಬರ್ ೨೬ರ ಒಪ್ಪಂದದಂತೆ ದೋಆಬು ಮರಳಿ ನಿಜಾಮನಿಗೆ ಸಂದಿತು. ಎಂಟು ವರ್ಷಗಳೊಳಗಾಗಿ ಮೂರು ಸಲ ಒಡೆತನ ಬದಲಾಯಿತು. ಈ ಮೂರು ಸಲವೂ ಇಲ್ಲಿಯ ಒಕ್ಕಲಿಗನನ್ನು ಯಾರೂ ಕೇಳಲಿಲ್ಲ. ೧೮೫೩ರ ಏಪ್ರಿಲಿನಲ್ಲಿ ಅವನು ನಿಜಾಮನ ನಿಷ್ಠಾವಂತ ಪ್ರಜೆಯಾಗಿರಬೇಕಾಗಿತ್ತು; ಜೂನಿನಲ್ಲಿ ಕಂಪನಿಗೆ; ೧೮೫೯ರಲ್ಲಿ ರಾಣಿಗೆ; ೧೮೬೧ರಲ್ಲಿ ಪುನಃ ನಿಜಾಮನಿಗೆ. ಇಂಥವನ ‘ನಿಷ್ಠೆ’ ಯಾವ ಗುಣದ ಹೆಸರು? ಅದು ಅವನ ಮನಸ್ಸಿನ ಗುಣವಾಗಿರಲಾರದು. ದಫ್ತರದಲ್ಲಿ ಅವನ ಊರಿನ ಹೆಸರು ಯಾವ ಪಟ್ಟಿಯಲ್ಲಿದೆ ಎಂಬುದರ ಹೆಸರು ಮಾತ್ರ.

ದೋಆಬು ಮರಳಿ ಬಂದದ್ದು ಬಹುಮಾನವಾಗಿ. ೧೮೫೭ರ ಮೇ ತಿಂಗಳಲ್ಲಿ ನಾಸಿರುದ್ದೌಲನು ತೀರಿಕೊಂಡು ಅಫ್ಝಲುದ್ದೌಲನು ಪಟ್ಟಕ್ಕೆ ಬಂದನು. ಜುಲೈ ೧೭ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನರ ನಾಯಕತ್ವದಲ್ಲಿ ಜನ ಹೈದರಾಬಾದಿನ ರೆಸಿಡೆನ್ಸಿಗೆ ಮುತ್ತಿದರು. ದಿವಾನ ಸಾಲಾರ್‌ಜಂಗನೂ ನಿಜಾಮನೂ ಬ್ರಿಟಿಷರ ಪಕ್ಷದಲ್ಲಿ ನಿಂತರು. ಇದಕ್ಕೆ ಪ್ರತಿಫಲವಾಗಿ ೧೮೬೦ರಲ್ಲಿ ೫೦ ಲಕ್ಷ ರೂಪಾಯಿಗಳ ಸಾಲ ವಜಾ ಆಯಿತು. ರಾಯಚೂರು ದೋಆಬು ಮತ್ತು ಧಾರಾಶಿವಗಳು ಹಿಂದಿರುಗಿದವು. ಸುರಪುರ ಸಂಸ್ಥಾನವೂ ಸೇರಿಸಿ ಕೊಡಲ್ಪಟ್ಟಿತು. ಬೇರಾರ ಮಾತ್ರ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ವಿಶೇಷಣಕ್ಕೆ ಬೆಲೆಯುಂಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ದೊರೆಯುವುದು ದುರ್ಲಭ. ಅರಸನ ನಿಷ್ಠೆಗೆ ಸಂದ ಸಂಬಳವಾಗಿ ನಮ್ಮ ಸೀಮೆಯ ಹೊಲಗಳೂ ಹಳ್ಳಿಗಳೂ ಲೆಕ್ಕಕ್ಕೆ ಬಂದವು.

೫

ಒಂದೇ ಒಪ್ಪಂದದಲ್ಲಿ ನಿಷ್ಠೆಗೆ ಬಹುಮಾನವೂ ಅದರ ವಿರುದ್ಧ ಗುಣಕ್ಕೆ ದಂಡನೆಯೂ ಅಡಕವಾಗಿದ್ದವು. ಸುರಪುರದ ಕಥೆ ಅಂಥದು. ೧೮೪೧ರಲ್ಲಿ ಅಲ್ಲಿಗೆ ನಿಯೋಜಿತನಾದ ಮೆಡೋಸ್ ಟೇಲರನು ಬಾಲಕ ಅರಸು ವೆಂಕಟಪ್ಪನಾಯಕನ ಪರವಾಗಿ ಆಡಳಿತವನ್ನು ನೋಡಿಕೊಂಡು, ೧೮೫೩ರಲ್ಲಿ ಸಂಸ್ಥಾನವನ್ನು ಅವನಿಗೊಪ್ಪಿಸಿ ಹೊರಟನು. ಅರಸನು ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ೧೮೫೮ರ ಫೆಬ್ರವರಿಯಲ್ಲಿ ಸುರಪುರದವರು ಬ್ರಿಟಿಷ್ ಸೈನ್ಯದೊಡನೆ ಹೋರಾಡಿದರು; ಕ್ಯಾಪ್ಟನ್ ನ್ಯೂಬೆರಿಯು ಹತನಾದನು. ಹೆಚ್ಚಿನ ಸೈನ್ಯ ಬರಲು ಅರಸನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದನು. ಮರಣದಂಡನೆ ಮೊದಲು ಗಡೀಪಾರಿಗೆ ಇಳಿಯಿತು, ಮತ್ತೆ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಚೆಂಗಲ್‌ಪೇಟೆಗೆ ಒಯ್ಯುವ ದಾರಿಯಲ್ಲಿ, ಟೇಲರನ ಆತ್ಮಕಥನದ ಪ್ರಕಾರ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಅವನು ಪ್ರಾಣ ಬಿಟ್ಟನು. ಸೆರೆಮನೆಯಲ್ಲಿ ಬದುಕುವುದಕ್ಕಿಂತ ಸಾವು ಲೇಸೆಂದು ಅವನು ಮೊದಲೇ ಹೇಳಿದ್ದನೆಂದೂ ಟೇಲರನು ದಾಖಲಿಸಿದ್ದಾನೆ.

ಈ ತರುಣನನ್ನು ಯಾವ ವಿಶೇಷಣದಿಂದ ಗುರುತಿಸೋಣ? ಕಂಪನಿಯ ದೃಷ್ಟಿಯಲ್ಲಿ ಅವನು ಕೃತಘ್ನನು; ತಂದೆಯಂತೆ ಸಾಕಿದವನ ಮಾತನ್ನು ಮೀರಿದವನು. ತನ್ನ ಬೇಡರ ದೃಷ್ಟಿಯಲ್ಲಿ ಅವನು ಜೋಳವಾಳಿಯನ್ನು ಮೇಲಿನಿಂದ ಕೆಳಕ್ಕೆ ಸಲ್ಲಿಸಿದವನು; ಅವರ ಅರಸನಾಗಿ ಅವರೊಡನೆ ನಿಂತವನು. ಎರಡೂ ನಿಷ್ಠೆಗಳು ನಿಜವಾಗಿದ್ದವು, ಎರಡನ್ನೂ ಒಟ್ಟಿಗೆ ನಡೆಸುವುದು ಸಾಧ್ಯವಿರಲಿಲ್ಲ. ಒಂದನ್ನು ಆರಿಸಿದೊಡನೆ ಇನ್ನೊಂದರ ಭಾಷೆಯಲ್ಲಿ ಅವನು ದ್ರೋಹಿಯಾದನು.

ಹಲಗಲಿಯ ಬೇಡರ ಉದಾಹರಣೆ ಇನ್ನೂ ಸರಳವಾದದ್ದು. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಶಾಸನ ಬಂದಾಗ ಮುಧೋಳ ಸಂಸ್ಥಾನದ ಈ ಊರಿನವರು ಒಪ್ಪಲಿಲ್ಲ. ಆಯುಧವೆಂಬುದು ಅವರಿಗೆ ವೃತ್ತಿಯೂ ಹೌದು, ಕುಲದ ಗೌರವವೂ ಹೌದು. ಆ ನವೆಂಬರಿನಲ್ಲಿ ಸೈನ್ಯ ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ೧೯ ಜನರು ಗಲ್ಲಿಗೇರಿದರು. ಸರಕಾರದ ಕಾಗದದಲ್ಲಿ ಇದು ಹಳೆಯ ರೂಢಿಗೆ ಅಂಟಿಕೊಂಡವರ ಅವಿಧೇಯತೆ. ಜಡಗ, ಬಾಳ ಮೊದಲಾದವರ ಹೆಸರನ್ನು ಉಳಿಸಿದ ಲಾವಣಿಯಲ್ಲಿ ಅದೇ ಶೌರ್ಯ. ಆ ಲಾವಣಿಯನ್ನು ಸಂಗ್ರಹಿಸಿ ೧೮೮೫ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದವನು ಬ್ರಿಟಿಷ್ ಅಧಿಕಾರಿಯೇ ಆದ ಜಾನ್ ಫೇತ್‌ಫುಲ್ ಫ್ಲೀಟನು. ಅವನ ನಡುವಿನ ಹೆಸರಿಗೆ ‘ನಿಷ್ಠಾವಂತ’ ಎಂದೇ ಅರ್ಥ. ವಿದ್ವಾಂಸನಾಗಿ ಅವನು ತನ್ನ ಆಕರಕ್ಕೆ ನಿಷ್ಠನಾಗಿದ್ದನು; ಅದರಿಂದ ತನ್ನ ಸರಕಾರ ಗಲ್ಲಿಗೇರಿಸಿದವರ ಪಕ್ಷದ ಮಾತು ನಮಗೆ ಉಳಿಯಿತು. ಆತನ ಉಪಕಾರವನ್ನು ನಾವು ಮರೆಯಲಾಗದು.

ಇದೇ ಸಂದರ್ಭದಲ್ಲಿ ದೋಆಬಿನ ಪಡುವಣ ಅಂಚಿನ ಕೊಪ್ಪಳದ ಕೋಟೆಯನ್ನು ೧೮೫೮ರಲ್ಲಿ ಹಿಡಿದು ನಿಂತ ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿಯ ಕೆಂಚನಗೌಡರನ್ನೂ ನೆನೆಯಬೇಕು. ಅವರೂ ಅಲ್ಲಿಯೇ ಕೊನೆಗೊಂಡರು. ಇವರನ್ನೆಲ್ಲ ಒಂದೇ ‘ಹಟಮಾರಿ’ ಪದದಲ್ಲಿ ಕಟ್ಟಿಹಾಕಿದರೆ, ಆಯುಧಕ್ಕಾಗಿ ನಿಂತವನಿಗೂ ಸಂಸ್ಥಾನಕ್ಕಾಗಿ ನಿಂತವನಿಗೂ ಭೇದವೇ ಕಾಣದಂತಾಗುತ್ತದೆ.

೬

ಇನ್ನೊಂದು ಕಡೆ, ಬಹುಮಾನಿತವಾದ ವಿಶೇಷಣವೂ ಬೆಳೆಯುತ್ತ ಹೋಯಿತು. ಮೊದಲನೆಯ ಮಹಾಯುದ್ಧದಲ್ಲಿ ಸಲ್ಲಿಸಿದ ನೆರವಿಗಾಗಿ ೧೯೧೮ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನಿಗೆ ‘ಬ್ರಿಟಿಷ್ ಸರಕಾರದ ನಿಷ್ಠಾವಂತ ಮಿತ್ರ’ ಎಂಬ ಬಿರುದು ಅಧಿಕೃತವಾಗಿ ಸಂದಿತು. ಮೂವತ್ತು ವರ್ಷಗಳಾಗುವಷ್ಟರಲ್ಲಿ ಆ ಬಿರುದಿನ ಆಧಾರವೇ ಕುಸಿಯಿತು. ೧೯೪೭ರಲ್ಲಿ ಬ್ರಿಟಿಷರು ಹೊರಟುಹೋದರು. ಯಾರಿಗೆ ನಿಷ್ಠನೋ ಅವರೇ ಇಲ್ಲದಾದರು. ಭಾರತದಲ್ಲಿ ಸೇರಲು ಒಪ್ಪದೆ ನಿಂತ ನಿಜಾಮನ ನಿಲುವಿಗೆ ಈಗ ‘ಹಟ’ವೆಂಬ ಹೆಸರು ಬಂದಿತು. ೧೯೪೮ರ ಸೆಪ್ಟೆಂಬರ್ ೧೭ರಂದು ಆ ಪ್ರಕರಣ ಮುಗಿಯಿತು. ಅದುವರೆಗೆ ರಾಜದ್ರೋಹಿಗಳೆನಿಸಿ ಸೆರೆಮನೆ ಕಂಡ ಹೈದರಾಬಾದ್ ಕರ್ನಾಟಕದ ಕಾರ್ಯಕರ್ತರು ಮರುದಿನದಿಂದ ದೇಶಭಕ್ತರೆನಿಸಿದರು. ಮನುಷ್ಯರು ಅವರೇ, ಕೃತ್ಯಗಳು ಅವೇ.

೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಬಳ್ಳಾರಿಯ ಬಹುಭಾಗ ೧೯೫೩ರಲ್ಲಿಯೇ ಮೈಸೂರಿಗೆ ಸೇರಿತ್ತು. ೧೫೬ ವರ್ಷಗಳ ತರುವಾಯ ಹೊಳೆಯ ಎರಡು ದಂಡೆಗಳೂ ಒಂದೇ ರಾಜ್ಯದಲ್ಲಿ ಬಂದವು. ಈ ಸಲದ ಬದಲಾವಣೆ ಹಿಂದಿನವುಗಳಂತಲ್ಲ. ಸಾಲದ ಬಾಕಿಗಾಗಲಿ ನಿಷ್ಠೆಯ ಬಹುಮಾನಕ್ಕಾಗಲಿ ಅದು ನಡೆಯಲಿಲ್ಲ. ಜನರ ಭಾಷೆ ಅದಕ್ಕೆ ಆಧಾರವಾಗಿತ್ತು.

೭

ಇಷ್ಟರಿಂದ ವಿಶೇಷಣಗಳನ್ನೆಲ್ಲ ಕಿತ್ತೊಗೆಯಬೇಕೆಂದು ನಾವು ಹೇಳುತ್ತಿಲ್ಲ. ಹಾಗೆ ಮಾಡಿದರೆ ಇತಿಹಾಸ ಬರಿಯ ತಾರೀಖುಗಳ ಪಟ್ಟಿಯಾದೀತು. ಎಲ್ಲ ನಿಷ್ಠೆಯೂ ಸಮ, ಎಲ್ಲ ಹಟವೂ ಶೌರ್ಯ ಎಂದೂ ನಮ್ಮ ಅಭಿಪ್ರಾಯವಲ್ಲ. ಹಟ ಎಂಬುದು ನಿಜವಾಗಿಯೂ ಉಂಟು. ಅದರಿಂದ ಜನ ಹಾಳಾದದ್ದೂ ಉಂಟು. ದಾಖಲೆಯ ವಿಶೇಷಣ ಸಾಕ್ಷ್ಯವಲ್ಲ, ತೀರ್ಪು ಎಂಬುದಷ್ಟೇ ನಮ್ಮ ವಾದ. ತೀರ್ಪನ್ನು ಸಾಕ್ಷ್ಯವೆಂದು ಎಣಿಸಿದವನು ನ್ಯಾಯಾಧೀಶನನ್ನೇ ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿದಂತಾಗುತ್ತದೆ.

ಆದ್ದರಿಂದ ಅಧ್ಯಾಪಕರೂ ವಿದ್ಯಾರ್ಥಿಗಳೂ ಆಕರಗಳಲ್ಲಿ ಇಂಥ ಪದ ಬಂದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ಈತ ಯಾರಿಗೆ ನಿಷ್ಠನು ಅಥವಾ ಯಾರಿಗೆ ಎದುರು ನಿಂತವನು? ಆ ನಿಷ್ಠೆಗೆ ಆಧಾರ ಋಣವೋ, ಕಾನೂನೋ, ಭಯವೋ, ಬಹುಮಾನವೋ? ಇದೇ ಕೃತ್ಯವನ್ನು ಹೊಳೆಯ ಆಚೆ ದಂಡೆಯಿಂದ ಕಂಡವನು ಯಾವ ಪದವನ್ನು ಬಳಸುತ್ತಿದ್ದನು? ಮೂರನೆಯ ಪ್ರಶ್ನೆಗೆ ಉತ್ತರ ದಫ್ತರದಲ್ಲಿ ದೊರೆಯದಿದ್ದರೆ ಲಾವಣಿಯಲ್ಲಿ, ವೀರಗಲ್ಲಿನಲ್ಲಿ, ಗಾದೆಯಲ್ಲಿ ಹುಡುಕಬೇಕು. ಈ ಸೀಮೆಯ ಹಳ್ಳಿಗಳಲ್ಲಿ ಇಂಥ ಸಾಮಗ್ರಿ ಇನ್ನೂ ಹಿರಿಯರ ನಾಲಗೆಯ ಮೇಲಿದೆ. ಅದನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ಪ್ರತಿಯೊಂದು ಕಾಲೇಜಿನ ಇತಿಹಾಸ ವಿಭಾಗವೂ ತನ್ನ ಸುತ್ತಲಿನ ಹತ್ತು ಊರುಗಳಲ್ಲಿ ಕೈಗೊಂಡರೆ, ಸರಕಾರಿ ಕಾಗದಗಳ ವಿಶೇಷಣಗಳನ್ನು ತೂಗಿನೋಡಲು ಬೇಕಾದ ಇನ್ನೊಂದು ತಟ್ಟೆ ನಮಗೆ ದೊರೆಯುವುದು.